ಒಹಾಯೊ ಡಬ್ಬ

ಜನವರಿಯ ಎರಡನೆಯ ವಾರ ಕೆಳಗಿನ ಕೋಣೆಯನ್ನು ಖಾಲಿ ಮಾಡಬೇಕಾಗಿ ಬಂತು. ಖಾಲಿ ಮಾಡುವುದೆಂದರೆ ಮಂಚ, ಕಪಾಟು ಸರಿಸುವ ಮಾತಲ್ಲ. ಆ ಕೋಣೆಯಲ್ಲಿ ಇದ್ದದ್ದು ಮೂವತ್ತನಾಲ್ಕು ಶೂ ಡಬ್ಬ. ಡಬ್ಬಗಳ ತುಂಬ ಒಂಬತ್ತು ಸಾವಿರ ಹಳೆಯ ಪೋಸ್ಟ್ ಕಾರ್ಡು. ಮೋಟೆಲುಗಳು, ಈಜುಕೊಳಗಳು, ಹೆದ್ದಾರಿ ಪಕ್ಕದ ಊಟದ ಮನೆಗಳು, ಕಣಿವೆ, ಸೇತುವೆ, ಸೂರ್ಯಾಸ್ತ. ಇದೆಲ್ಲ ವರ್ನಾ ಮೂವತ್ತು ವರ್ಷದಿಂದ ಕೂಡಿಹಾಕಿದ ಆಸ್ತಿ. ಆಕೆ ಸ್ವತಃ ಇಪ್ಪತ್ತೆಂಟು ವರ್ಷ ಅಮೆರಿಕದ ಒಹಾಯೊ ರಾಜ್ಯದ ಕೊಶಾಕ್ಟನ್ ಪಟ್ಟಣದ ಶಾಲಾ ಬಸ್ಸು ಓಡಿಸಿದವಳು. ದಿನಕ್ಕೆ ಎರಡು ಸಲ ಅದೇ ಹನ್ನೊಂದು ಮೈಲಿ. ಅರಿಜೋನಾದ ಸೂರ್ಯಾಸ್ತ ಅವಳ ಪಾಲಿಗೆ ಡಬ್ಬದಲ್ಲಿಯೇ ಆಗುತ್ತಿತ್ತು.

“ಅಮ್ಮ, ಚಿಕ್ಕಮ್ಮ ಶುಕ್ರವಾರ ಬರ್ತಾಳೆ,” ಎಂದಳು ಮಗಳು ಡೆನೀಸ್. “ಸೊಂಟದ ಕೀಲು ಬದಲಾಯಿಸ್ಕೊಂಡಿರೋಳು ಮಹಡಿ ಹತ್ತೋಕಾಗಲ್ಲ. ನಿನ್ನ ಮೋಟೆಲ್‌ಗಳು ಹತ್ತಬಹುದು.”

“ಮೇಲೆ ಶೀತ ಕಣೇ. ಕಾರ್ಡು ಬಾಗಿಹೋಗ್ತವೆ.”

“ನಾನು ಮೂರು ವರ್ಷದಿಂದ ಮೇಲೇ ಮಲಗ್ತಿದ್ದೀನಿ. ನಾನು ಬಾಗಲ್ವಾ?”

ಡೆನೀಸ್ ಗಂಡನನ್ನು ಬಿಟ್ಟು ತವರಿಗೆ ಬಂದು ಮೂರು ವರ್ಷವಾಗಿತ್ತು. ವೃದ್ಧರ ಆರೈಕೆ ಮನೆಯೊಂದರ ಅಡುಗೆಮನೆಯಲ್ಲಿ ಬೆಳಗಿನ ಪಾಳಿ. ಐದಕ್ಕೆ ಹೊರಟರೆ ಎರಡಕ್ಕೆ ವಾಪಸು. ಬಂದಾಗ ಅವಳ ಕಾಲು ಊದಿಕೊಂಡಿರುತ್ತಿದ್ದವು, ಮಾತು ಚುಚ್ಚುತ್ತಿತ್ತು. ಅವಳಪ್ಪ ಲೈಲ್ ಎಪ್ಪತ್ತೈದರ ಮುದುಕ, ಕಾಗದದ ಕಾರ್ಖಾನೆಯ ಯಂತ್ರಗಳ ನಡುವೆ ಕಿವಿ ಕಳೆದುಕೊಂಡವನು. ನಿವೃತ್ತನಾದ ಮೇಲೆ ಒಲೆ ಅವನ ಕೈಗೆ ಬಂದಿತ್ತು. ಅವನಿಗೆ ಬರುತ್ತಿದ್ದದ್ದು ಐದು ಅಡುಗೆ. ಐದರಲ್ಲಿ ಮೂರು ಬೀನ್ಸ್ ಸೂಪಿನ ಬೇರೆ ಬೇರೆ ಹೆಸರುಗಳು.

ಕೊನೆಗೆ ಡಬ್ಬಗಳನ್ನು ಊಟದ ಮೇಜಿನ ಮೇಲೆ ಇಡುವುದೆಂದು ತೀರ್ಮಾನವಾಯಿತು. ಅಪ್ಪ ಮಗಳು ಹೊತ್ತು ತಂದರು. ವರ್ನಾ ಬಾಗಿಲಲ್ಲಿ ನಿಂತು ಹೇಳುತ್ತಿದ್ದಳು.

“ರಾಜ್ಯದ ಹೆಸರಿನ ಸಾಲು ತಪ್ಪಿಸ್ಬೇಡಿ. ಡೆನೀಸ್, ಆ ಕೈಯಲ್ಲಿರೋದು ಎಲ್ಲಿಂದ ಬಿತ್ತು?”

“ಟೆಕ್ಸಾಸ್ ಡಬ್ಬದಿಂದ. ಅಂಚೆ ಮುದ್ರೆ ಮಾತ್ರ ಕಾನ್ಸಾಸ್ ಅಂತಿದೆ. ಯಾವುದಕ್ಕೆ ಹಾಕ್ಲಿ?”

“ಎಷ್ಟು ಸಲ ಹೇಳ್ಲಿ? ಕಾರ್ಡಿನ ಊರು ಅಂದ್ರೆ ಚಿತ್ರದ ಊರು. ಎಲ್ಲಿಂದ ಅಂಚೆಗೆ ಹಾಕಿದ್ರು ಅನ್ನೋದು ಯಾರಿಗೂ ಬೇಕಿಲ್ಲ.”

ಇದು ಅವಳ ಸ್ವಂತ ನಿಯಮವೇನಲ್ಲ. ಕಾರ್ಡು ಕೂಡಿಸುವ ಸಂಘದವರೆಲ್ಲ ಹೀಗೇ ಜೋಡಿಸುತ್ತಾರೆ. ಆದರೆ ಹೇಳುವಾಗ ವರ್ನಾಳ ಧ್ವನಿ ಬೇಕಾದ್ದಕ್ಕಿಂತ ಮೇಲೇರಿತು. ಲೈಲ್ ಕೆಮ್ಮಿದ. ಅವನಿಗೆ ಕಿವಿ ಕೇಳಿಸದಿದ್ದರೂ ಕೆಲವು ವಿಷಯ ಚೆನ್ನಾಗಿ ತಿಳಿಯುತ್ತಿತ್ತು. ಎಲ್ಲ ಡಬ್ಬ ಬಂದ ಮೇಲೆ ವರ್ನಾ ಖಾಲಿ ಕೋಣೆಗೆ ಹೋಗಿ, ಕಿಟಕಿಯ ಅಂಚಿನಲ್ಲಿದ್ದ ಭೂತಗನ್ನಡಿಯನ್ನು ತೆಗೆದು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು.

ಆ ಭೂತಗನ್ನಡಿ ತಂಗಿಯ ಕೈಗೆ ಸಿಗಬಾರದಿತ್ತು. ಯಾಕೆಂದು ಹೇಳಬೇಕಾದರೆ ಅವರಪ್ಪನ ಸುದ್ದಿ ಎತ್ತಬೇಕು.

ವರ್ನಾಗೆ ಹನ್ನೆರಡು, ತಂಗಿ ನೋರೀನ್‌ಗೆ ಏಳು ವರ್ಷವಿದ್ದಾಗ ಅವರಪ್ಪ ಆರ್ಲೋ ಕೆಲಸ ಹುಡುಕಿಕೊಂಡು ಪಶ್ಚಿಮಕ್ಕೆ ಹೊರಟುಹೋದ. ಮೂರು ವರ್ಷದಲ್ಲಿ ಹತ್ತೊಂಬತ್ತು ಕಾರ್ಡು ಬಂದವು; ಆಮೇಲೆ ಅದೂ ನಿಂತಿತು. ಪ್ರತಿಯೊಂದರಲ್ಲೂ ಒಂದು ಮೋಟೆಲು, ಮೋಟೆಲಿನ ಯಾವುದೋ ಒಂದು ಕಿಟಕಿಯ ಮೇಲೆ ಸೂಜಿಯಿಂದ ಚುಚ್ಚಿದ ತೂತು. ಇದು ನಾನಿರುವ ಕೋಣೆ ಎಂದು ಅದರ ಅರ್ಥ. ಅಮ್ಮ ಕಾರ್ಡನ್ನು ಅಡುಗೆಮನೆಯ ಕಿಟಕಿಗೆ ಒಡ್ಡಿ ಹಿಡಿಯುವಳು. ತೂತಿನಲ್ಲಿ ಬೆಳಕು ಬಂದು ಅಪ್ಪನ ಕೋಣೆಯಲ್ಲಿ ದೀಪ ಹತ್ತಿದ ಹಾಗಾಗುವುದು. ನೋರೀನ್ ಚಪ್ಪಾಳೆ ತಟ್ಟುವಳು. ಹಿಂದಿನ ಬರಹವನ್ನು ಅಮ್ಮನೇ ಓದಿ ಹೇಳುವಳು, ಕಾರ್ಡನ್ನು ಮಾತ್ರ ಯಾರ ಕೈಗೂ ಕೊಡಳು. ಬೇರೆ ಮನೆಗಳವರು ಆಲ್ಬಮ್ಮಿನಲ್ಲಿ ಕಾರ್ಡಿನ ನಾಲ್ಕು ಮೂಲೆ ಸಿಕ್ಕಿಸಿ ಇಡುತ್ತಿದ್ದರು. ಅಮ್ಮ ಮೈದಾ ಅಂಟು ಕಾಯಿಸಿ, ಬೆನ್ನಿಗೆಲ್ಲ ಬಳಿದು, ಕಪ್ಪು ಹಾಳೆಗೆ ಒತ್ತಿಬಿಡುತ್ತಿದ್ದಳು.

ಇಪ್ಪತ್ತನೇ ವಯಸ್ಸಿಗೆ ನೋರೀನ್ ಅಪ್ಪನನ್ನು ಹುಡುಕುತ್ತೇನೆಂದು ಬಸ್ಸು ಹತ್ತಿದಳು. ಹತ್ತೊಂಬತ್ತು ಮೋಟೆಲುಗಳ ಹೆಸರೂ ಅವಳಿಗೆ ಬಾಯಿಪಾಠ. ಒಂದರಲ್ಲಿ ಪಾತ್ರೆ ತೊಳೆದಳು, ಇನ್ನೊಂದರಲ್ಲಿ ಹಾಸಿಗೆ ಬದಲಾಯಿಸಿದಳು, ಮದುವೆಯಾದಳು, ಬಿಟ್ಟಳು, ಅರಿಜೋನಾದ ಟಕ್ಸನ್ನಿನಲ್ಲಿ ನೆಲೆ ನಿಂತಳು. ಊರಿಗೆ ಬಂದದ್ದು ನಾಲ್ಕೈದು ಸಲ.

ಅಮ್ಮ ತೀರಿಕೊಂಡದ್ದು ಎಂಬತ್ತೆಂಟನೇ ಇಸವಿಯಲ್ಲಿ. ಆಲ್ಬಮ್ಮು ವರ್ನಾಳ ಪಾಲಿಗೆ ಬಂತು. ಆಗ ಅವಳು ಸಂಘಕ್ಕೆ ಸೇರಿ ಎರಡು ವರ್ಷ, ಹೊಸ ಹುರುಪು. ಅಂಟಿಸಿದ ಕಾರ್ಡನ್ನು ಬಿಡಿಸುವುದು ಹೇಗೆಂದು ಸಂಘದ ಹಿರಿಯನೊಬ್ಬ ಹೇಳಿಕೊಟ್ಟಿದ್ದ: ಉಗುರುಬೆಚ್ಚಗಿನ ನೀರಿನಲ್ಲಿ ಒಂದು ಗಂಟೆ ನೆನೆಹಾಕು, ಅಂಟು ತಾನಾಗಿ ಬಿಡುತ್ತದೆ, ಅಂಚೆ ಮುದ್ರೆಗೆ, ಪೆನ್ಸಿಲಿಗೆ ಏನೂ ಆಗುವುದಿಲ್ಲ, ಪೆನ್ನಿನ ಶಾಯಿ ಇದ್ದರೆ ಮಾತ್ರ ಹುಷಾರು. ಕೊನೆಯ ಮಾತು ವರ್ನಾಳ ತಲೆಯಲ್ಲಿ ನಿಂತಿರಲಿಲ್ಲ. ಹತ್ತೊಂಬತ್ತನ್ನೂ ಪಾತ್ರೆ ತೊಳೆಯುವ ತೊಟ್ಟಿಯಲ್ಲಿ ಒಟ್ಟಿಗೆ ನೆನೆಹಾಕಿ ಬಟ್ಟೆ ಒಣಹಾಕಲು ಹೋದಳು. ಬಂದು ನೋಡಿದರೆ ನೀರು ನೀಲಿ. ಮೇಲೆ ತೇಲಿಬಂದ ಒಂದು ಕಾರ್ಡಿನಲ್ಲಿ ಒಂದೇ ಒಂದು ಸಾಲು ಕಂಡಿತು, ಕಾಣುತ್ತಿದ್ದಂತೆಯೇ ಅದೂ ಕರಗಿಹೋಯಿತು. ಅಪ್ಪನ ಅಕ್ಷರವೆಲ್ಲ ತೊಳೆದುಹೋಗಿ ಉಳಿದದ್ದು ಕಪ್ಪು ದುಂಡು ಮುದ್ರೆಗಳು. ಚಿತ್ರ ನ್ಯೂ ಮೆಕ್ಸಿಕೋದ್ದಿರಲಿ, ಫ್ಲೋರಿಡಾದ್ದಿರಲಿ, ಹತ್ತೊಂಬತ್ತಕ್ಕೂ ಮುದ್ರೆ ಒಂದೇ ಊರಿನದು: ಮ್ಯಾನ್ಸ್‌ಫೀಲ್ಡ್, ಒಹಾಯೊ.

ಮ್ಯಾನ್ಸ್‌ಫೀಲ್ಡ್ ಎಂದರೆ ಅವರ ಮನೆಯಿಂದ ಕಾರಿನಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷ.

ಒಂದು ಭಾನುವಾರ ಲೈಲ್ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋದ. ಸ್ಮಶಾನದಲ್ಲಿ ಕಲ್ಲು ಸಿಕ್ಕಿತು. ಆರ್ಲೋನ ಹೆಸರು, ಎಪ್ಪತ್ತೊಂದನೇ ಇಸವಿ, ಪಕ್ಕದಲ್ಲಿ ಇನ್ನೊಬ್ಬ ಹೆಂಡತಿಯ ಹೆಸರು. ಇಬ್ಬರೂ ಮನೆಗೆ ಬಂದು ಊಟ ಮಾಡಿದರು. ವರ್ನಾ ತಂಗಿಗೆ ಫೋನು ಮಾಡಿ, ನೆಲಮಾಳಿಗೆಗೆ ನೀರು ನುಗ್ಗಿ ಆಲ್ಬಮ್ಮು ಹೋಯಿತು ಎಂದಳು. ನೀರಿನಿಂದ ಹೋದದ್ದೇನೋ ನಿಜ. ಕಾರ್ಡುಗಳನ್ನು ಎಸೆಯಲು ಮಾತ್ರ ಕೈ ಬರಲಿಲ್ಲ. ಕೂಡಿಡುವವಳ ಕೈ ಅದು. ಒಂದೊಂದನ್ನೂ ಅದರದರ ರಾಜ್ಯದ ಡಬ್ಬದಲ್ಲಿ, ಚಿತ್ರದ ಊರಿನ ಹಿಂದೆ ಸೇರಿಸಿ ಸುಮ್ಮನಾದಳು. ಸುಮ್ಮನಿದ್ದೂ ಇದ್ದೂ ಇಪ್ಪತ್ತೆಂಟು ವರ್ಷವಾಗಿ ಅವಳಿಗೆ ಸಾಕುಸಾಕಾಗಿತ್ತು.

ಶುಕ್ರವಾರ ನೋರೀನ್ ವಾಕರ್ ಹಿಡಿದು ಒಳಗೆ ಬಂದಳು. ಆಪರೇಷನ್ ಆಗಿ ಆರು ವಾರವಾದರೂ ಹೆಜ್ಜೆ ಕೂಡಿಬಂದಿರಲಿಲ್ಲ. ಊಟದ ಮೇಜನ್ನು ನೋಡಿ ನಿಂತಳು.

“ಏನೇ ವರ್ನಾ, ಈ ಮನೇಲಿ ಊಟ ಮಾಡೋದು ಬಿಟ್ಟಿದ್ದೀರಾ?”

“ಈಗೆಲ್ಲ ಮೋಟೆಲ್‌ನಲ್ಲೇ ಊಟ,” ಎಂದು ಲೈಲ್ ಕೂಗಿ ಹೇಳಿದ. ಅವನು ಏನು ಹೇಳಿದರೂ ಕೂಗಿಯೇ ಹೇಳುವುದು.

ಮೊದಲ ವಾರ ಹೇಗೋ ಕಳೆಯಿತು. ಡೆನೀಸ್ ಅಡುಗೆಮನೆಯಲ್ಲಿ ನಿಂತುಕೊಂಡು ತಿನ್ನುವಳು, ಲೈಲ್ ಟೀವಿ ಮುಂದೆ, ವರ್ನಾ ಮೆಟ್ಟಿಲ ಮೇಲೆ ಬಟ್ಟಲು ತೊಡೆಗಿಟ್ಟುಕೊಂಡು. ನೋರೀನ್‌ಗೆ ಕೋಣೆಗೇ ತಟ್ಟೆ ಹೋಗುತ್ತಿತ್ತು. ಹೋದ ತಟ್ಟೆಯ ಜೊತೆ ಒಂದು ದೂರೂ ವಾಪಸು ಬರುತ್ತಿತ್ತು.

“ಚಿಕ್ಕಮ್ಮ ಕೇಳ್ತಿದ್ದಾಳೆ, ಈ ಮನೇಲಿ ಖಾರ ಅನ್ನೋದನ್ನ ಯಾರೂ ಕಂಡಿಲ್ವಾ ಅಂತ.”

“ಮೆಣಸಿನಪುಡಿ ಇದೆಯಲ್ಲ.”

“ಅದರ ಡಬ್ಬಿ ಮೇಲೆ ಇರೋ ತಾರೀಕು ನಾನು ಹೈಸ್ಕೂಲಲ್ಲಿದ್ದಾಗಿಂದು ಕಣಮ್ಮ.”

ದಿನಕ್ಕೆ ಹತ್ತು ಸಲ ಕೋಣೆಯಿಂದ ಕರೆ ಬರುತ್ತಿತ್ತು. ನೀರು, ದಿಂಬು, ಕನ್ನಡಕ, ಕಾಲಿಗೆ ಮಂಜುಗಡ್ಡೆ. ಇಡೀ ಬೆಳಿಗ್ಗೆ ಮುದುಕರ ಊಟದ ತಟ್ಟೆ ತುಂಬಿ ಬಂದ ಡೆನೀಸ್‌ಗೆ ಮಧ್ಯಾಹ್ನ ಮತ್ತೆ ಅದೇ. ಎರಡನೇ ವಾರದ ಒಂದು ದಿನ ಅವಳಿಗೆ ತಲೆ ಕೆಟ್ಟು, ಊಟದ ಮೇಜಿನಿಂದ ಕೈಗೆ ಸಿಕ್ಕ ಡಬ್ಬ ಎತ್ತಿಕೊಂಡು ಹೋಗಿ ಚಿಕ್ಕಮ್ಮನ ತೊಡೆಯ ಮೇಲಿಟ್ಟಳು.

“ತಗೋ, ನೋಡ್ತಾ ಕೂತಿರು. ಸಾಲು ಮಾತ್ರ ತಪ್ಪಿಸ್ಬೇಡ, ಅಮ್ಮ ನನ್ನನ್ನ ಮನೆಯಿಂದ ಆಚೆ ಹಾಕ್ತಾಳೆ.”

ವರ್ನಾ ಅಂಗಡಿಯಿಂದ ಬಂದಾಗ ಕೋಣೆಯ ಬಾಗಿಲು ತೆರೆದಿತ್ತು. ತಂಗಿ ಕಿಟಕಿಯ ಪಕ್ಕ ಕೂತು ಒಂದು ಕಾರ್ಡನ್ನು ಬೆಳಕಿಗೆ ಎತ್ತಿ ಹಿಡಿದಳು, ಇಳಿಸಿದಳು. ಮುಂದಿನದನ್ನು ಎತ್ತಿದಳು, ಇಳಿಸಿದಳು. ಡಬ್ಬದ ಮೇಲೆ ವರ್ನಾಳದೇ ಅಕ್ಷರದಲ್ಲಿ ‘ನ್ಯೂ ಮೆಕ್ಸಿಕೋ’ ಎಂದು ಬರೆದಿತ್ತು. ವರ್ನಾ ಚೀಲವನ್ನು ಹೊಸ್ತಿಲಲ್ಲೇ ಇಳಿಸಿದಳು.

“ಏನು ನೋಡ್ತಿದ್ದೀಯ?”

“ಏನಿಲ್ಲ. ಹಳೇ ಚಾಳಿ,” ಎಂದಳು ನೋರೀನ್. “ಎಲ್ಲೇ ಮೋಟೆಲ್ ಕಾರ್ಡು ಕಂಡ್ರೂ ಹೀಗೆ ನೋಡೋದು. ಟಕ್ಸನ್‌ನಲ್ಲಿ ಅಂಗಡಿಯೋರು ನನ್ನನ್ನ ಹುಚ್ಚಿ ಅಂದ್ಕೊಂಡಿದ್ರು.”

ಮರುದಿನ ಕಾಲಿಗೆ ವ್ಯಾಯಾಮ ಹೇಳಿಕೊಡುವ ಹುಡುಗಿ ಬಂದು ಕೋಣೆಯ ಬಾಗಿಲು ಹಾಕಿಕೊಂಡಳು. ಒಳಗೆ ನೋರೀನ್ ಹತ್ತರವರೆಗೆ ಎಣಿಸುತ್ತಾ ಬೈಯುತ್ತಿದ್ದಳು. ವರ್ನಾ ಊಟದ ಮೇಜಿನ ಮೇಲೆ ಬಗ್ಗಿ ಅರಿಜೋನಾ, ಟೆಕ್ಸಾಸ್, ಓಕ್ಲಹೋಮಾ, ಫ್ಲೋರಿಡಾ ಡಬ್ಬಗಳಲ್ಲಿ ಕೈಯಾಡಿಸಿ, ನೋಡದೆಯೇ ಹದಿನಾಲ್ಕು ಕಾರ್ಡು ಎತ್ತಿದಳು. ಎಲ್ಲಿಡುವುದು? ಕೈಗೆ ಎಟುಕಿದ್ದು ಅಡುಗೆಮನೆಯ ಜೋಳದ ಹಿಟ್ಟಿನ ಡಬ್ಬ. ಅದರೊಳಗೆ ತುರುಕಿ ಮುಚ್ಚಳ ಹಾಕಿದಳು. ಎಪ್ಪತ್ತೆರಡು ವರ್ಷದ ಹೆಂಗಸು ಕಳ್ಳಿಯ ಹಾಗೆ ಹಿಟ್ಟಿನ ಕೈ ಒರೆಸಿಕೊಳ್ಳುತ್ತಾ ನಿಂತಿದ್ದಾಗ ಅವಳಿಗೆ ಅಳು ಬಂತು, ಆದರೆ ಅಳಲು ಪುರಸೊತ್ತಿರಲಿಲ್ಲ. ನ್ಯೂ ಮೆಕ್ಸಿಕೋದ ಐದು ಕಾರ್ಡು ಆಗಲೇ ತಂಗಿಯ ಕೋಣೆಯೊಳಗಿದ್ದವು.

ಅದಾದ ಮೇಲೆ ನೋರೀನ್ ದೂರುವುದನ್ನು ನಿಲ್ಲಿಸಿದಳು. ಸೂಪು ಬಂದರೆ ಕುಡಿಯುವಳು, ತಟ್ಟೆ ಕೊಡುವಳು.

“ನಿನ್ನ ಭೂತಗನ್ನಡಿ ಎಲ್ಲೇ?” ಎಂದು ಮಾತ್ರ ದಿನಕ್ಕೊಂದು ಸಲ ಕೇಳುವಳು.

“ಎಲ್ಲೋ ಇಟ್ಟು ಮರೆತಿದ್ದೀನಿ.”

“ಮೂವತ್ತು ವರ್ಷದಿಂದ ಅದನ್ನ ಹಿಡ್ಕೊಂಡೇ ಓಡಾಡ್ತಿದ್ದೆ.”

“ವಯಸ್ಸಾಯ್ತಲ್ಲ.”

ಹೇಳುವಾಗ ಜೇಬಿನಲ್ಲಿದ್ದ ಗಾಜು ತೊಡೆಗೆ ಒತ್ತುತ್ತಿತ್ತು. ಒಂದು ದಿನ ಪಾತ್ರೆ ಒರೆಸುತ್ತಿದ್ದ ಡೆನೀಸ್ ಅದನ್ನು ನೋಡಿಬಿಟ್ಟಳು.

“ಅಮ್ಮ, ಅದು ನಿನ್ನ ಜೇಬಲ್ಲೇ ಇದೆಯಲ್ಲ. ಪಾಪ, ಕೊಡಬಾರ್ದಾ?”

“ನಿನ್ನ ಕೆಲಸ ನೋಡ್ಕೋ.”

“ನನ್ನ ಕೆಲಸಾನೇ ನೋಡ್ಕೋತಿದ್ದೀನಿ. ಹೊರಗೂ ಅದೇ, ಒಳಗೂ ಅದೇ. ನೀವಿಬ್ರೂ ಏನು ಆಟ ಆಡ್ತಿದ್ದೀರೋ ದೇವರೇ ಬಲ್ಲ. ನನಗಂತೂ ಕೂತು ಒಂದು ತುತ್ತು ತಿನ್ನೋಕೆ ಮೇಜಿಲ್ಲ.”

ಅವಳು ಒರೆಸುವ ಬಟ್ಟೆಯನ್ನು ಬಿಸಾಡಿ ಮೇಲೆ ಹೋದಳು. ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ವರ್ನಾ ಉಳಿದ ಪಾತ್ರೆಗಳನ್ನು ತಾನೇ ಒರೆಸಿದಳು.

ಫೆಬ್ರವರಿಯ ಮೊದಲ ಶನಿವಾರ ಲೈಲ್‌ಗೆ ಜೋಳದ ಬ್ರೆಡ್ಡು ಮಾಡುವ ಮನಸ್ಸಾಯಿತು. ಡೆನೀಸ್‌ಗೆ ರಜೆ, ಕಾಲು ಚಾಚಿ ಚಿಕ್ಕಮ್ಮನ ಕೋಣೆಯಲ್ಲಿ ಕೂತಿದ್ದಳು. ವರ್ನಾ ಹೊಸ್ತಿಲ ಬಳಿ ಒಗೆದ ಬಟ್ಟೆ ಮಡಿಸುತ್ತಿದ್ದಳು. ಅಡುಗೆಮನೆಯಿಂದ ಕೂಗು ಬಂತು.

“ವರ್ನಾ! ಹಿಟ್ಟಿನ ಡಬ್ಬದಲ್ಲಿ ಫ್ಲೋರಿಡಾ ಇದೆ!”

ವರ್ನಾ ಮಡಿಸಿದ ಟವೆಲ್ಲನ್ನು ಬಿಚ್ಚಿ ಮತ್ತೆ ಮಡಿಸತೊಡಗಿದಳು.

“ಅರಿಜೋನಾನೂ ಇದೆ!”

ಡೆನೀಸ್ ಪಕ್ಕನೆ ನಕ್ಕಳು. ಬೇರೆ ಯಾರೂ ನಗದಿದ್ದುದರಿಂದ ನಗು ಅಲ್ಲೇ ನಿಂತಿತು. ಲೈಲ್ ಹಿಟ್ಟು ಉದುರುತ್ತಿದ್ದ ಕಾರ್ಡುಗಳನ್ನು ಹಿಡಿದು ಬಾಗಿಲಿಗೆ ಬಂದ. ಹೆಂಡತಿಯ ಮುಖ ನೋಡಿದ ಮೇಲೆ ಅವನಿಗೆ ತಾನು ಎತ್ತಿದ್ದು ಏನೆಂದು ಗೊತ್ತಾಯಿತು. ಅವನ್ನು ಮಂಚದ ಮೇಲಿಟ್ಟು ಒಲೆಯ ಕಡೆ ಹೊರಟುಹೋದ.

ನೋರೀನ್ ದಿಂಬಿನ ಕೆಳಗಿನಿಂದ ಐದು ಕಾರ್ಡು ತೆಗೆದು ಅವುಗಳ ಪಕ್ಕಕ್ಕಿಟ್ಟಳು.

“ನೆಲಮಾಳಿಗೆಗೆ ನೀರು ನುಗ್ಗಿತ್ತು ಅಂದಿದ್ದೆ.”

“ನೀರು ಹಾಕಿದ್ದು ನಾನೇ,” ಎಂದಳು ವರ್ನಾ. “ಆಲ್ಬಂನಿಂದ ಬಿಡಿಸೋಕೆ ನೆನೆಹಾಕ್ದೆ. ಶಾಯಿ ಬಿಟ್ಕೊಳ್ಳುತ್ತೆ ಅನ್ನೋದು ಹೊಳೀಲಿಲ್ಲ. ಎಲ್ಲಾ ಹೋಯ್ತು ನೋರೀನ್.”

“ಅಪ್ಪನ ಅಕ್ಷರಾನ ತೊಳೆದು ಹಾಕಿದೆಯಾ? ಪಾತ್ರೆ ತೊಳೆದ ಹಾಗೆ?”

“ಹೂಂ.”

ನೋರೀನ್ ಅತ್ತಳು. ಸೊಂಟ ನೋಯುತ್ತದೆಂದು ಅಲುಗಾಡದೆ, ನೆಟ್ಟಗೆ ಕೂತು ಅತ್ತಳು. ಡೆನೀಸ್ ಕಾಗದದ ಕರವಸ್ತ್ರದ ಪೆಟ್ಟಿಗೆ ತಂದಿಟ್ಟಳು. ಸ್ವಲ್ಪ ಹೊತ್ತಿಗೆ ಮೂಗು ಒರೆಸಿಕೊಂಡು ನೋರೀನ್ ಅಂದಳು:

“ಹೋಗ್ಲಿ ಬಿಡು. ನೀನು ಬೇಕಂತ ಮಾಡಿಲ್ಲ. ಚಿತ್ರ ಆದ್ರೂ ಉಳಿದಿದೆ.”

ಅಲ್ಲಿಗೆ ಮುಗಿಯಬಹುದಿತ್ತು. ಕ್ಷಮೆ ಕೈಗೆ ಬಂದಿತ್ತು, ತೆಗೆದುಕೊಂಡು ಸುಮ್ಮನಾಗಿದ್ದರೆ ಸಾಕಿತ್ತು. ಆದರೆ ನೋರೀನ್ ಕಾರ್ಡುಗಳನ್ನು ಜೋಡಿಸುತ್ತಾ ಮಾತು ಮುಂದುವರಿಸಿದಳು. ಅವಳ ಮುಖ ಬೆಳಗುತ್ತಿತ್ತು.

“ಇವುಗಳಲ್ಲಿ ನಾಲ್ಕು ಮೋಟೆಲ್‌ಗೆ ನಾನು ಇನ್ನೂ ಹೋಗಿಲ್ಲ ಕಣೇ. ಇದು, ಇದು, ಫ್ಲೋರಿಡಾದ ಈ ಎರಡು. ಏಪ್ರಿಲ್ ಹೊತ್ತಿಗೆ ನಾನು ನಡೀತೀನಿ. ಲೈಲ್ ಕಾರಲ್ಲಿ ಹೋಗೋಣ. ಡೆನೀಸೂ ಬರ್ಲಿ, ಎರಡು ವಾರ ರಜೆ ಹಾಕ್ಲಿ. ಕೆಲವು ಮೋಟೆಲ್‌ನಲ್ಲಿ ಹಳೇ ರಿಜಿಸ್ಟರ್ ಇಟ್ಟಿರ್ತಾರೆ, ನನಗೆ ಗೊತ್ತು. ಎಲ್ಲಿಂದ ಎಲ್ಲಿಗೆ ಹೋದ ಅಂತ ಒಂದು ಸುಳಿವು ಸಿಕ್ಕಿದ್ರೂ ಸಾಕು.”

ಅರವತ್ತೇಳು ವರ್ಷ. ಉಕ್ಕಿನ ಸೊಂಟ. ಇನ್ನೂ ರಿಜಿಸ್ಟರ್ ಹುಡುಕುವ ಮಾತಾಡುತ್ತಿದ್ದಳು. ವರ್ನಾಳ ಕೈಯಲ್ಲಿದ್ದ ಟವೆಲ್ಲು ಕೆಳಗೆ ಬಿತ್ತು. ಅವಳು ಏಪ್ರನ್ನಿನ ಜೇಬಿಗೆ ಕೈ ಹಾಕಿ ಭೂತಗನ್ನಡಿ ತೆಗೆದು ತಂಗಿಯ ಕೈಯಲ್ಲಿಟ್ಟಳು.

“ಮುದ್ರೆ ಓದು.”

ನೋರೀನ್ ಒಂದನ್ನು ತಿರುಗಿಸಿ ಓದಿದಳು. ಇನ್ನೊಂದನ್ನು ಓದಿದಳು. ಐದರವರೆಗೆ ಊರಿನ ಹೆಸರನ್ನು ಗಟ್ಟಿಯಾಗಿ ಹೇಳಿದಳು, ಆಮೇಲೆ ತುಟಿ ಮಾತ್ರ ಆಡುತ್ತಿತ್ತು. ಹತ್ತೊಂಬತ್ತೂ ಮುಗಿಯುವವರೆಗೆ ಬಿಡಲಿಲ್ಲ.

“ಮ್ಯಾನ್ಸ್‌ಫೀಲ್ಡ್ ಅಂದ್ರೆ ನಮ್ಮ ಮ್ಯಾನ್ಸ್‌ಫೀಲ್ಡಾ?” ಎಂದಳು ಡೆನೀಸ್. “ನಾನು ಮೊನ್ನೆ ಬೂಟು ತಂದ್ನಲ್ಲ, ಅದಾ?”

“ಅದೇ,” ಎಂದಳು ವರ್ನಾ. “ಅಲ್ಲೇ ಇದ್ದ. ಇನ್ನೊಂದು ಸಂಸಾರ ಇತ್ತು. ಆ ಊರುಗಳ ಕಾರ್ಡು ಅವನಿಗೆ ಯಾರು ತಂದು ಕೊಡ್ತಿದ್ರೋ, ಲಾರಿಯೋರೋ ಯಾರೋ. ಎಪ್ಪತ್ತೊಂದರಲ್ಲಿ ಹೋದ. ಕಲ್ಲು ನೋಡ್ಕೊಂಡು ಬಂದಿದ್ದೀನಿ.”

“ಅಮ್ಮನಿಗೆ ಗೊತ್ತಿತ್ತು.”

“ಗೊತ್ತಿತ್ತು. ಅದಕ್ಕೇ ಅಂಟು ಬಳಿದಿದ್ಲು.”

“ನಾನು ಹೊರಟಿದ್ದು ಅರವತ್ತೊಂಬತ್ತರಲ್ಲಿ,” ಎಂದಳು ನೋರೀನ್ ನಿಧಾನವಾಗಿ. “ಅವತ್ತು ಅವನು ಇನ್ನೂ ಇದ್ದ. ಅಮ್ಮ ನನಗೆ ಬುತ್ತಿ ಕಟ್ಟಿಕೊಟ್ಟು ಬಸ್ಸು ಹತ್ತಿಸಿದ್ಲು. ನೀನು ಪಕ್ಕದಲ್ಲಿ ನಿಂತು ಕೈ ಬೀಸಿದೆ.”

“ಆಗ ನನಗೆ ಗೊತ್ತಿರ್ಲಿಲ್ಲ.”

“ಎಂಬತ್ತೆಂಟರಲ್ಲಿ ಗೊತ್ತಾಯ್ತಲ್ಲ. ಆಮೇಲೂ ನಾನು ಅಂಗಡಿ ಅಂಗಡೀಲಿ ಕಾರ್ಡು ಎತ್ತಿ ಬೆಳಕಿಗೆ ಹಿಡೀತಿದ್ದೆ. ಇಪ್ಪತ್ತೆಂಟು ವರ್ಷ ವರ್ನಾ! ಒಂದು ಫೋನು ಮಾಡೋಕೆ ನಿನಗೆ ಬಾಯಿ ಇರ್ಲಿಲ್ವಾ? ಹತ್ತೊಂಬತ್ತು ಕಾರ್ಡು ಬಚ್ಚಿಡೋಕೆ ಒಂಬತ್ತು ಸಾವಿರ ಕೂಡಿಹಾಕಿದೆಯಾ?”

“ಇಲ್ಲ,” ಎಂದಳು ವರ್ನಾ. ಮತ್ತೆ, ಸುಳ್ಳು ಸಾಕು ಅನ್ನಿಸಿ, “ಎಂಬತ್ತೆಂಟರ ನಂತರ ಒಂದಷ್ಟು ದಿನ ಇರಬಹುದು. ಆಮೇಲೆ ಮತ್ತೆ ಇಷ್ಟ ಆಗೋಯ್ತು.”

“ಒಂದಕ್ಷರಾನೂ ಓದಲಿಲ್ವಾ ನೀನು?”

“ಒಂದು ಸಾಲು. ತೇಲ್ತಿದ್ದಾಗ ಕಂಡಿತು.”

“ಏನಿತ್ತು?”

ವರ್ನಾ ಬಿದ್ದ ಟವೆಲ್ಲನ್ನು ಎತ್ತಿಕೊಂಡಳು.

“ಹುಡುಗಿಯರಿಗೆ ಹೇಳಬೇಡ ಅಂತಿತ್ತು.”

ಒಲೆಯ ಮೇಲೆ ಏನೋ ಸೀಯುವ ವಾಸನೆ ಬಂತು. ನೋರೀನ್ ಭೂತಗನ್ನಡಿಯನ್ನು ಕಾರ್ಡುಗಳ ಮೇಲೆ ಮಗುಚಿಟ್ಟಳು.

“ಒಂದು ಗಂಟೆ ಇಪ್ಪತ್ತು ನಿಮಿಷ,” ಎಂದಳು. “ಭಾನುವಾರ ಊಟಕ್ಕೆ ಬಂದು ಹೋಗಬಹುದಿತ್ತು.”

ಆಮೇಲೆ ಹನ್ನೆರಡು ದಿನ ಅವಳು ಅಕ್ಕನ ಜೊತೆ ಮಾತಾಡಲಿಲ್ಲ. ತಟ್ಟೆಯನ್ನು ಡೆನೀಸ್ ತಂದರೆ ತಿನ್ನುವಳು, ವರ್ನಾ ತಂದರೆ ಹಾಗೇ ಬಿಡುವಳು. ಒಂದು ಮಧ್ಯಾಹ್ನ ಟಕ್ಸನ್ನಿನ ಹಳೆಯ ಮನೆಯೊಡತಿಗೆ ಫೋನು ಮಾಡಿ ಕೋಣೆ ಖಾಲಿಯಿದೆಯೇ ಎಂದು ಕೇಳಿದ್ದು ಮನೆಗೆಲ್ಲ ಕೇಳಿಸಿತು. ಖಾಲಿಯಿತ್ತು, ಆದರೆ ಮೂರನೇ ಮಹಡಿ.

“ನಾನು ಇವಳನ್ನೂ ನೋಡ್ಕೋಬೇಕು, ನಿನ್ನನ್ನೂ ನೋಡ್ಕೋಬೇಕು, ನಿಮ್ಮಿಬ್ಬರ ಮಧ್ಯೆ ಅಂಚೆನೂ ಹಂಚಬೇಕು,” ಎಂದು ಡೆನೀಸ್ ಪಾತ್ರೆ ಕುಕ್ಕಿದಳು. “ಅಜ್ಜಿ ಹೇಳಲಿಲ್ಲ, ನೀನು ಹೇಳಲಿಲ್ಲ. ಅಪ್ಪ, ನಿನಗೂ ಗೊತ್ತಿತ್ತಾ?”

“ಏನು?” ಎಂದ ಲೈಲ್.

“ಕೇಳಿಸ್ತು ನಿನಗೆ!”

“ಗೊತ್ತಿತ್ತು,” ಎಂದ ಲೈಲ್, ಈ ಸಲ ಮೆಲ್ಲಗೆ. “ಹೇಳು ಅಂತ ಒಂದೆರಡು ಸಲ ಹೇಳ್ದೆ. ಆಮೇಲೆ ನನಗೂ ಸಾಕಾಯ್ತು.”

ವರ್ನಾ ಆ ದಿನಗಳಲ್ಲಿ ಡಬ್ಬಗಳನ್ನು ಮುಟ್ಟಲಿಲ್ಲ. ಸಂಘದ ಸಭೆಗೂ ಹೋಗಲಿಲ್ಲ. ಬಟ್ಟೆ ಒಗೆದಳು, ಮೆಟ್ಟಿಲ ಹಿಮ ಕೆರೆದಳು, ಹೊಸ ಮೆಣಸಿನಪುಡಿ ತಂದಳು. ಒಂದು ಸಂಜೆ ಟವೆಲ್ಲು ಇಡಲು ಕೋಣೆಗೆ ಹೋದಾಗ, ಗೋಡೆಯ ಕಡೆ ಮುಖ ಮಾಡಿದ್ದ ತಂಗಿಗೆ, “ನನ್ನದು ತಪ್ಪಾಯ್ತು ಕಣೇ,” ಎಂದಳು. ಮರುದಿನ ಸೂಪಿಗೆ ಖಾರ ಹೆಚ್ಚಾಗಿ ಲೈಲ್ ಕೆಮ್ಮಿ ಕೆಮ್ಮಿ ಕೆಂಪಾದ. ಒಳಗಿನಿಂದ ಬಂದ ತಟ್ಟೆ ಮಾತ್ರ ಖಾಲಿಯಾಗಿತ್ತು, ಅದನ್ನು ಒಯ್ದವಳು ವರ್ನಾಳೇ.

ಹದಿಮೂರನೇ ದಿನ ಮಧ್ಯಾಹ್ನ ನೋರೀನ್ ವಾಕರ್ ಬಿಟ್ಟು ಕೋಲೂರಿಕೊಂಡು ಆಚೆ ಬಂದಳು. ನೈಟಿಯ ಜೇಬಿನಲ್ಲಿ ಕಾರ್ಡುಗಳಿದ್ದವು. ಊಟದ ಮೇಜಿನ ಮುಂದೆ ನಿಂತು, ಒಂದೊಂದೇ ಡಬ್ಬದ ಹೆಸರು ಓದುತ್ತಾ ಹೋಗಿ, ಒಹಾಯೊ ಡಬ್ಬವನ್ನು ಹತ್ತಿರಕ್ಕೆಳೆದುಕೊಂಡಳು.

“ಮ್ಯಾನ್ಸ್‌ಫೀಲ್ಡ್ ಎಲ್ಲಿ?”

ಅಡುಗೆಮನೆಯಲ್ಲಿದ್ದ ವರ್ನಾ ಬಂದು ತೋರಿಸಿದಳು. ಅಲ್ಲಿ ಹನ್ನೊಂದು ಕಾರ್ಡಿದ್ದವು: ರೈಲು ನಿಲ್ದಾಣ, ಉದ್ಯಾನ, ಹಿಮ ಬಿದ್ದ ಬೀದಿ. ನೋರೀನ್ ಅವುಗಳ ಹಿಂದೆ ತನ್ನ ಕೈಯಲ್ಲಿದ್ದುದನ್ನು ಒಂದೊಂದಾಗಿ ಇಡತೊಡಗಿದಳು. ಅರಿಜೋನಾದ ಪಾಪಾಸುಕಳ್ಳಿ, ಟೆಕ್ಸಾಸಿನ ಈಜುಕೊಳ, ಫ್ಲೋರಿಡಾದ ತೆಂಗಿನಮರ, ಎಲ್ಲವೂ ಒಹಾಯೊದಲ್ಲಿ ಹೋಗಿ ನಿಂತವು.

“ಚಿಕ್ಕಮ್ಮ, ಹಾಗೆ ಹಾಕಬಾರ್ದು,” ಎಂದಳು ಡೆನೀಸ್. “ಕಾರ್ಡಿನ ಊರು ಅಂದ್ರೆ ಚಿತ್ರದ...”

“ಸುಮ್ನಿರು ಡೆನೀಸ್,” ಎಂದಳು ವರ್ನಾ.

ಹದಿನೆಂಟು ಹೋದವು. ಕೊನೆಯದು ನೋರೀನ್‌ಳ ಕೈಯಲ್ಲೇ ಉಳಿಯಿತು. ಟುಕುಂಕಾರಿ ಊರಿನ ಪಿಂಟೊ ಮೋಟೆಲು. ಹಳದಿ ಗೋಡೆ, ಒಂದು ಸಾಲು ಬಾಗಿಲು, ಎಡದಿಂದ ಮೂರನೇ ಕಿಟಕಿಯಲ್ಲಿ ತೂತು. ಅವಳು ಅದನ್ನು ಅಕ್ಕನ ಕಡೆ ಚಾಚಿದಳು.

“ಇದನ್ನ ನ್ಯೂ ಮೆಕ್ಸಿಕೋಗೇ ಹಾಕು.”

“ಯಾಕೆ? ಇದಕ್ಕೂ ಅದೇ ಮುದ್ರೆ.”

“ಇರ್ಲಿ. ಆ ಮೂರನೇ ಕೋಣೇನ ಎರಡು ವರ್ಷ ಗುಡಿಸಿದ್ದು ನಾನು. ದಿನಾ ಹಾಸಿಗೆ ಹಾಸುವಾಗ ಅಪ್ಪ ಇಲ್ಲೇ ಮಲಗಿದ್ದ ಅಂದ್ಕೊಳ್ತಿದ್ದೆ. ಸಂಬಳ ಸಾಲದೇ ಹೋದ್ರೂ ಅದಕ್ಕೇ ಬಿಟ್ಟು ಹೋಗ್ತಿರ್ಲಿಲ್ಲ. ಅವನು ಅಲ್ಲಿ ಕಾಲೇ ಇಟ್ಟಿರ್ಲಿಲ್ಲ.” ನೋರೀನ್ ಕೋಲನ್ನು ಮೇಜಿಗೆ ಒರಗಿಸಿ ಕುರ್ಚಿಯಲ್ಲಿ ಮೆಲ್ಲಗೆ ಕೂತಳು. “ನಾನಿದ್ದೆ. ಅದು ನನ್ನ ಕೋಣೆ.”

ವರ್ನಾ ಕಾರ್ಡನ್ನು ತೆಗೆದುಕೊಂಡು ನ್ಯೂ ಮೆಕ್ಸಿಕೋ ಡಬ್ಬದಲ್ಲಿ ಅದರ ಜಾಗಕ್ಕೆ ಸೇರಿಸಿದಳು. ಆಮೇಲೆ ತಂಗಿ ಕೂತ ಕಡೆಯ ಡಬ್ಬಗಳನ್ನು, ಸಾಲು ನೋಡದೆ, ಎತ್ತೆತ್ತಿ ನೆಲದ ಮೇಲಿಟ್ಟಳು. ಅರ್ಧ ಮೇಜು ಖಾಲಿಯಾಯಿತು. ಡೆನೀಸ್ ಬಟ್ಟೆ ತಂದು ಧೂಳು ಒರೆಸಿದಳು. ಲೈಲ್ ನಾಲ್ಕು ಬಟ್ಟಲು ತಂದಿಟ್ಟು ಸೂಪು ಬಡಿಸಿದ.